ಏನೂ ಇಲ್ಲದ ಜಾಗಕ್ಕೆ ಒಂದು ಮೊಳೆ

"ಅಲ್ಲಿ ಏನಿದೆ ಅಂತ ಸುತ್ತು ಹಾಕ್ಕೊಂಡು ಹೋದೆ?"

"ಎಲ್ಲಿ ಅಕ್ಕಾ?"

"ಇಲ್ಲೇ ಕಣೇ, ಈಗ ತಾನೆ. ನೆಟ್ಟಗೆ ಹೋಗೋದು ಬಿಟ್ಟು ಬಿಲ್ಲಿನ ಥರ ಬಾಗಿಕೊಂಡು ಹೋದೆಯಲ್ಲ."

"ನಾನಾ? ನಾನು ನೆಟ್ಟಗೇ ಹೋದೆ!"

"ನಿಂಗೆ ಬಾಣ ಅಂತ ಹೆಸರಿಟ್ಟೋರನ್ನ ಕರ್ಕೊಂಡು ಬಾ, ಕೇಳ್ತೀನಿ."

ಬಾಣ ಎಂದರೆ ಟ್ರಾಲಿ ತಳ್ಳುವ ಹುಡುಗಿ. ಈ ತುದಿಯಿಂದ ಆ ತುದಿಗೆ ಹಾರಿದಂತೆ ಹೋಗುತ್ತಾಳೆಂದು ಹಾಲ್‌ನವರೆಲ್ಲ ಸೇರಿ ಇಟ್ಟ ಹೆಸರು ಅದು. ಅವಳನ್ನು ತಡೆದು ನಿಲ್ಲಿಸಿ ಕೇಳುತ್ತಿದ್ದವಳು ನಮ್ಮ ದೊಡ್ಡಮ್ಮ, ಅಮ್ಮನ ಸ್ವಂತ ಅಕ್ಕ. ಬಾಣ ನಿಜವಾಗಿಯೂ ಕಕ್ಕಾಬಿಕ್ಕಿಯಾಗಿದ್ದಳು. ತಿರುಗಿ ತಾನು ಬಂದ ದಾರಿಯನ್ನು ನೋಡಿದಳು. ಅಲ್ಲಿ ಹೊಸ ನೆಲವಿತ್ತು, ಹೊಸ ದೀಪಗಳ ಬಿಳಿ ಬೆಳಕು ಬಿದ್ದಿತ್ತು, ಅಷ್ಟೇ. ಹೆಗಲು ಕುಣಿಸಿ ಟ್ರಾಲಿ ತಳ್ಳಿಕೊಂಡು ಹೋದಳು. ವಾಪಸ್ ಬರುವಾಗ ಅದೇ ಜಾಗಕ್ಕೆ ಬಂದದ್ದೇ ತಡ, ಟ್ರಾಲಿಯ ಮೂತಿ ತಾನಾಗಿ ಬಲಕ್ಕೆ ತಿರುಗಿತು! ನಾನು ಕಣ್ಣಾರೆ ನೋಡಿದೆ. ದೊಡ್ಡಮ್ಮ ಎದೆಗೆ ಒತ್ತಿಕೊಂಡಿದ್ದ ಹಲಗೆಯಲ್ಲಿ ಒಂದು ಚಿಕ್ಕ ಮೊಳೆಗೆ ದಾರ ಸುತ್ತಿದಳು.

ಆ ಹಲಗೆಯ ವಿಷಯ ಹೇಳದಿದ್ದರೆ ನಮ್ಮ ದೊಡ್ಡಮ್ಮನ ವಿಷಯ ಹೇಳಿದಂತೆ ಆಗುವುದೇ ಇಲ್ಲ.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಹಾಸಿಗೆಯ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲ ಗಂಟುಗಂಟಾಗಿ ಹಿಂಬಾಗಿಲಿನಿಂದ ಬಂದು, ಮಡಿಸಿ ಕಟ್ಟಿದ ಕಟ್ಟುಗಳಾಗಿ ಮುಂಬಾಗಿಲಿನಿಂದ ಹೋಗುತ್ತವೆ. ಹಿಂದಿನ ಹಾಲ್‌ನಲ್ಲಿ ಒಗೆಯುತ್ತಾರೆ, ಡ್ರೈಯರ್‌ಗಳಲ್ಲಿ ಒಣಗಿಸುತ್ತಾರೆ. ಮುಂದಿನ ಹಾಲ್‌ನಲ್ಲಿ ಇಸ್ತ್ರಿ ಮಾಡಿ ಮಡಿಸುತ್ತಾರೆ. ದೊಡ್ಡಮ್ಮ ಬಹಳ ವರ್ಷ ಮುಂದಿನ ಹಾಲ್‌ನಲ್ಲಿ ಚಾದರ ಮಡಿಸಿದವಳು. ಈಗ ಅವಳ ಕೆಲಸ ಬೇರೆ. ಕಂಪನಿಯವರು ಕೆಲಸದ ಜಾಗವನ್ನು ಸುಧಾರಿಸಲು ರಾಶಿ ದುಡ್ಡು ಸುರಿಯುತ್ತಾರಲ್ಲ, ಆ ದುಡ್ಡು ತಿರುಗಿ ಬಂತೋ ಇಲ್ಲವೋ ಎಂದು ಅಳೆಯುವುದು ಅವಳ ಕೆಲಸ. ನಮ್ಮ ಕಾಲೇಜಿನಲ್ಲಿ ಇದಕ್ಕೆ ಉದ್ದುದ್ದ ಇಂಗ್ಲಿಷ್ ಹೆಸರುಗಳಿವೆ, ಸೂತ್ರಗಳಿವೆ. ಯಾವುದಾದರೂ ಕೆಲಸದ ಜಾಗಕ್ಕೆ ಪ್ರತಿ ಶನಿವಾರ ಹೋಗಿ ನೋಡಿ ಬನ್ನಿ ಎಂದು ಕಳಿಸಿದಾಗ ನನ್ನ ಗೆಳತಿಯರೆಲ್ಲ ಗಾಜಿನ ಕಟ್ಟಡಗಳಿಗೆ ಹೋದರು. ನಾನು ದೊಡ್ಡಮ್ಮನ ಹಿಂದೆ ಹೋದೆ. ಎಂಥ ಒಳ್ಳೇ ಕೆಲಸ ಮಾಡಿದೆ ಎಂದು ನನಗೆ ಈಗಲೂ ಖುಷಿ!

ಅವಳು ಅಳೆಯುವ ರೀತಿ ಕೇಳಿ. ಮರದ ಹಲಗೆಯ ಮೇಲೆ ಹಾಲ್‌ನ ನಕ್ಷೆ ಬರೆಯುತ್ತಾಳೆ. ಎಲ್ಲೆಲ್ಲಿ ಟೇಬಲ್ ಇದೆಯೋ, ಬಾಗಿಲಿದೆಯೋ, ಕಪಾಟಿದೆಯೋ ಅಲ್ಲೆಲ್ಲ ಒಂದೊಂದು ಮೊಳೆ. ಆಮೇಲೆ ಒಬ್ಬರ ಬೆನ್ನು ಹಿಡಿಯುತ್ತಾಳೆ. ಅವರು ಇಸ್ತ್ರಿ ಟೇಬಲ್‌ನಿಂದ ಕಪಾಟಿಗೆ ಹೋದರೆ ದಾರವೂ ಆ ಮೊಳೆಯಿಂದ ಈ ಮೊಳೆಗೆ ಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ತಿರುಗಿದರೆ ತಿರುಗಿದ ಜಾಗಕ್ಕೂ ಒಂದು ಮೊಳೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಪಾಳಿ ಮುಗಿಯುವಾಗ ಹಲಗೆ ಜೇಡರಬಲೆಯಂತಾಗಿರುತ್ತದೆ. ದಾರ ಬಿಚ್ಚಿ ಅಳೆದರೆ ಅವರು ಎಷ್ಟು ನಡೆದರು ಎಂದು ಗೊತ್ತಾಗುತ್ತದೆ. ನಡೆದಷ್ಟು ಹೊತ್ತು ಇಸ್ತ್ರಿ ಸುಮ್ಮನೆ ಕೂತಿರುತ್ತದೆ, ಅಂದರೆ ದುಡ್ಡು ಸುಮ್ಮನೆ ಕೂತಿರುತ್ತದೆ. ಅದಕ್ಕೇ ಅವಳನ್ನು ಅಲ್ಲಿ ದಾರದಕ್ಕ ಎನ್ನುತ್ತಾರೆ. ಅವಳು ಹಲಗೆ ಹಿಡಿದು ಬಂದಳೆಂದರೆ, "ಬಂದ್ಲು ನೋಡ್ರಪ್ಪಾ, ಇವತ್ತು ಬಚ್ಚಲಿಗೆ ಹೋದ್ರೂ ದಾರ ಕಟ್ತಾಳೆ" ಎಂದು ನಗುತ್ತಾರೆ.

ಹೋದ ವರ್ಷ ಮುಂದಿನ ಹಾಲ್ ಪೂರ್ತಿ ಬದಲಾಗಿತ್ತು. ಬಿರುಕುಬಿಟ್ಟ ನೆಲ ಕಿತ್ತು ಹೊಸದು ಹಾಕಿದರು. ದೀಪ ಬದಲಿಸಿದರು. ಬಿಸಿಯನ್ನೂ ಹಬೆಯನ್ನೂ ಹೀರಿ ಹೊರಹಾಕುವ ದೊಡ್ಡ ಕೊಳವೆಗಳನ್ನು ತಾರಸಿಗೆ ಕಟ್ಟಿದರು. ಟೇಬಲ್‌ಗಳನ್ನು ಕೆಲಸದ ಸರದಿಯಂತೆ ಜೋಡಿಸಿದರು. ಹಿಂದಿನ ಹಾಲ್ ಮಾತ್ರ ಹಾಗೇ ಇದೆ. ಕಂಪನಿಯ ಕರಾರು ಹೀಗೆ: ಮುಂದಿನ ಹಾಲ್‌ಗೆ ಹಾಕಿದ್ದು ಹೇಳಿದ ವೇಗದಲ್ಲಿ ಉಳಿತಾಯವಾಗಿ ತಿರುಗಿ ಬರಬೇಕು, ಬಂದರೆ ಹಿಂದಿನ ಹಾಲ್‌ಗೂ ಕೊಳವೆ, ನೆಲ, ದೀಪ. ಬರದಿದ್ದರೆ ಇಲ್ಲ.

ನಮ್ಮ ಅಮ್ಮ ಕೆಲಸ ಮಾಡುವುದು ಹಿಂದಿನ ಹಾಲ್‌ನಲ್ಲಿ, ಡ್ರೈಯರ್‌ಗಳ ಮುಂದೆ.

ದೊಡ್ಡಮ್ಮ ಕಂಪನಿಗೆ ತೋರಿಸಿದ್ದ ಉಳಿತಾಯದಲ್ಲಿ ದೊಡ್ಡ ಪಾಲು ನಡಿಗೆಯದೇ. ಅವಳ ಪುಟ್ಟ ಆಫೀಸಿನ ಗೋಡೆಯ ಮೇಲೆ ಹಳೆಯ ಹಲಗೆ ಇನ್ನೂ ಹಾಗೇ ಇದೆ, ದಾರ ಬಿಚ್ಚಿಲ್ಲ. ಸುಧಾರಣೆಗೆ ಮೊದಲು ಅಳೆದದ್ದು. ಅದರಲ್ಲಿ ಹಾಲ್‌ನ ನಟ್ಟನಡುವೆ ಒಂದು ಟೇಬಲ್ ಇದೆ, ಎಲ್ಲ ಬಣ್ಣದ ದಾರಗಳೂ ಅದರಿಂದ ದೂರ, ಬಹಳ ದೂರ, ಗೋಡೆಯ ಪಕ್ಕದವರೆಗೂ ಹೋಗಿ ಬಳಸಿಕೊಂಡು ಬಂದಿವೆ. ಟೇಬಲ್ ತೆಗೆದರೆ ದಾರ ನೆಟ್ಟಗಾಗುತ್ತದೆ, ಇಷ್ಟು ಹೊತ್ತು ಉಳಿಯುತ್ತದೆ ಎಂದು ಅವಳು ಬರೆದುಕೊಟ್ಟಳು. ಟೇಬಲ್ ತೆಗೆದರು. ಆಮೇಲೆ ಹೊಸ ಹಲಗೆಯಲ್ಲಿ ಅಳೆದರೆ ದಾರ ನೆಟ್ಟಗಾಗಿರಲಿಲ್ಲ. ನಡುವೆ ಕಣ್ಣಿನ ಆಕಾರದ ಒಂದು ಖಾಲಿ, ಅದರ ಎರಡೂ ಕಡೆ ರೆಪ್ಪೆಗಳ ಹಾಗೆ ಬಾಗಿದ ದಾರಗಳು. ಅಲ್ಲಿ ಟೇಬಲ್ ಇಲ್ಲ, ಕಂಬವಿಲ್ಲ, ಬಕೆಟ್ ಕೂಡ ಇಲ್ಲ. ಏನೂ ಇಲ್ಲದ ಜಾಗದ ಸುತ್ತ ದೊಡ್ಡಮ್ಮ ಮೊಳೆ ಹೊಡೆಯಬೇಕಾಗಿ ಬಂದಿತ್ತು.

"ಅಲ್ಲಿ ಮೊದಲು ಯಾರ ಟೇಬಲ್ ಇತ್ತು?" ಎಂದು ಕೇಳಿದೆ.

"ಒಂದು ಟೇಬಲ್ ಇತ್ತು" ಎಂದಳು. ಯಾರದ್ದು ಎಂದು ಹೇಳಲಿಲ್ಲ.

ನನಗೆ ಇದು ಪತ್ತೇದಾರಿ ಕಥೆಯಂತೆ ಅನ್ನಿಸಿ ಸುಮ್ಮನಿರಲಾಗಲಿಲ್ಲ. ಕೆಲಸಕ್ಕೆ ಸೇರಿ ಸ್ವಲ್ಪವೇ ದಿನವಾಗಿದ್ದ ಹೊಸ ಹುಡುಗಿಯರನ್ನು ಕೇಳಿದೆ. ಅವರೂ ಸುತ್ತಿಕೊಂಡೇ ಹೋಗುತ್ತಿದ್ದರು! ಅವರು ಆ ಟೇಬಲ್ ನೋಡಿದವರೇ ಅಲ್ಲ. "ಎಲ್ಲರೂ ಹಾಗೇ ಹೋಗ್ತಾರಲ್ವಾ" ಎಂದಳು ಒಬ್ಬಳು. ಇನ್ನೊಬ್ಬಳು, "ಅಲ್ಲಿ ನೆಲ ಜಾರುತ್ತೆ ಅನ್ಕೊಂಡಿದ್ದೆ" ಎಂದಳು. ಜಾರುತ್ತದಾ ಎಂದು ನೋಡಲು ನಾನೇ ಹೋದೆ. ಹೊಳೆಯುವ, ಒಣಗಿದ, ಗಟ್ಟಿ ನೆಲ. ಹತ್ತಿರ ಹೋಗುತ್ತಿದ್ದಂತೆ ಸುತ್ತಲಿನ ಇಸ್ತ್ರಿಗಳ ಸದ್ದು ಯಾಕೋ ಕಡಿಮೆಯಾದಂತಾಯಿತು. ತಲೆ ಎತ್ತಿದರೆ ಹಳಬರೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ಚಪ್ಪಲಿ ಸರಿಮಾಡಿಕೊಳ್ಳುವಂತೆ ನಟಿಸಿ ಹಿಂದಕ್ಕೆ ಬಂದೆ.

"ಹೆದರ್‌ಬೇಡಮ್ಮಾ, ಅವಳು ಕಚ್ಚೋಳಲ್ಲ" ಎಂದರು ಹತ್ತಿರದ ಟೇಬಲ್‌ನವರು. ಅವರನ್ನು ಎಲ್ಲರೂ ಇಸ್ತ್ರಿಯಣ್ಣ ಎನ್ನುತ್ತಾರೆ. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ, ಅಂಗಿಯಲ್ಲಿ ಮಾತ್ರ ಒಂದು ಸುಕ್ಕೂ ಇರುವುದಿಲ್ಲ.

"ಯಾರು ಇಸ್ತ್ರಿಯಣ್ಣ?"

"ಸೂಜಿಯಮ್ಮ. ನಿಮ್ಮ ದೊಡ್ಡಮ್ಮ ಹೇಳಿಲ್ವಾ?" ಎಂದು ನನ್ನ ಮುಖ ನೋಡಿ, ದೊಡ್ಡಮ್ಮ ಆಫೀಸಿನೊಳಗೆ ಇದ್ದಾಳೆಯೇ ಎಂದು ಒಮ್ಮೆ ಆ ಕಡೆ ನೋಡಿ, ಚಾದರದ ಮೇಲೆ ಕೈಯಾಡಿಸುತ್ತಲೇ ಹೇಳತೊಡಗಿದರು.

ಸೂಜಿಯಮ್ಮ ಹರಿದ ಚಾದರಗಳನ್ನು ಹೊಲಿಯುವವಳು. ಕೈಯಲ್ಲಿ ಸೂಜಿ, ಬಾಯಲ್ಲಿ ಅದಕ್ಕಿಂತ ಚೂಪಾದದ್ದು. "ಹರಿದ ಚಾದರ ತಗೊಂಡು ಹೋದ್ರೆ, 'ಏನಪ್ಪಾ, ರೋಗಿ ಹರಿದನೋ, ನೀನೂ ನಿನ್ ಹೆಂಡ್ತಿನೂ ಎಳೆದಾಡಿದ್ರೋ?' ಅನ್ನೋಳು. ಅವಳ ಹತ್ರ ಬೈಸಿಕೊಳ್ಳೋಕೆ ಅಂತಾನೇ ನಾವು ಆ ಟೇಬಲ್ ಪಕ್ಕದಿಂದ ಹೋಗ್ತಿದ್ವಿ. ಬೈದಿಲ್ಲ ಅಂದ್ರೆ ಅವತ್ತು ಏನೋ ಒಂಥರಾ."

"ಹಾಗಾದ್ರೆ ದಾರ ಟೇಬಲ್ ಹತ್ತಿರ ಇರಬೇಕಿತ್ತಲ್ಲ? ಹಳೇ ಹಲಗೇಲಿ ಅಷ್ಟು ದೂರ ಇದೆ."

ಇಸ್ತ್ರಿಯಣ್ಣ ಇಸ್ತ್ರಿಯನ್ನು ಪಕ್ಕಕ್ಕೆ ಇಟ್ಟರು. ಸದ್ದಾಗದಂತೆ ಇಟ್ಟರು.

"ಅದು ಅವತ್ತು ಮಧ್ಯಾಹ್ನ ಕಟ್ಟಿದ ಹಲಗೆ ಕಣಮ್ಮಾ. ಎರಡು ರಾತ್ರಿಯಿಂದ ಸೆಕೆಗೆ ನಿದ್ದೆ ಇಲ್ಲ ಅಂತ ಬೆಳಗ್ಗೆನೇ ಅಂದಿದ್ಲು. ಆಗ ಈ ಕೊಳವೆ ಎಲ್ಲ ಎಲ್ಲಿತ್ತು, ಹಾಲ್ ಅಂದ್ರೆ ಒಲೆ. ಊಟದ ಹೊತ್ತು ಮುಗಿಸಿ ಬಂದ್ರೆ ಟೇಬಲ್ ಮೇಲೆ ತಲೆ ಇಟ್ಟು ಮಲಗಿದ್ಲು. ಪಾಪ, ಮಲಗಲಿ ಬಿಡು ಅಂದ್ವಿ. ಟ್ರಾಲಿ ಚಕ್ರ ಕಿರುಗುಟ್ಟುತ್ತೆ ಅಂತ ಗೋಡೆ ಪಕ್ಕದಿಂದ ತಳ್ಳಿದ್ವಿ. ತುದಿಗಾಲಲ್ಲಿ ಓಡಾಡಿದ್ವಿ. ಒಬ್ಬರಿಗೊಬ್ಬರು ಶ್, ಶ್ ಅಂತ. ನಾನು ಕೆಮ್ಮು ಬಂದ್ರೆ ಹೊರಗೆ ಹೋಗಿ ಕೆಮ್ಮಿ ಬಂದೆ. ಸಾಯಂಕಾಲ ಪಾಳಿ ಬದಲಾಗೋವಾಗ ಭುಜ ಮುಟ್ಟಿ ಎಬ್ಬಿಸಿದ್ವಿ." ಚಾದರದ ಅಂಚು ಸರಿಮಾಡಿದರು. "ಆ ಬೇಯೋ ಹಾಲ್‌ನಲ್ಲಿ ತಣ್ಣಗಿದ್ದ ವಸ್ತು ಅದೊಂದೇ."

"ಯಾವಾಗ ಹೋಗಿದ್ದು?" ಎಂದು ಕೇಳಿದೆ.

"ಡಾಕ್ಟರು ಊಟದ ಹೊತ್ತಿಗೇ ಹೋಗಿದ್ದಾಳೆ ಅಂದ್ರು. ಎದೆಬಡಿತ ನಿಂತಿತ್ತಂತೆ. ಅಷ್ಟು ಹೊತ್ತೂ ನಾವು ಅವಳಿಗೆ ನಿದ್ದೆ ಕೆಡಬಾರದು ಅಂತ ಸುತ್ತು ಹಾಕ್ತಾನೇ ಇದ್ವಿ. ನಿಮ್ಮ ದೊಡ್ಡಮ್ಮ ನಮ್ಮ ಹಿಂದೆ ಹಿಂದೆ ದಾರ ಕಟ್ತಾನೇ ಇದ್ಲು. ಮಾರನೇ ದಿನ ಅವಳು ಲೆಕ್ಕ ಕೊಡಬೇಕಿತ್ತು. ಕೊಟ್ಟಳು."

ಆಮೇಲೆ ಆಫೀಸಿಗೆ ಹೋಗಿ ಹಳೆಯ ಹಲಗೆಯನ್ನು ನೋಡಿದರೆ ಅದು ಮೊದಲಿನಂತೆ ಕಾಣಲಿಲ್ಲ. ಕೆಂಪು, ಹಳದಿ, ನೀಲಿ ದಾರಗಳು, ಎಷ್ಟು ಮುದ್ದಾಗಿವೆ ಎಂದು ಮೊದಲ ದಿನ ಫೋಟೋ ತೆಗೆದಿದ್ದೆ. ಈಗ ಅವು ಉಸಿರು ಬಿಗಿಹಿಡಿದು ನಡೆಯುತ್ತಿರುವಂತೆ ಕಂಡವು.

ನಾವು ಮೂವರೂ ಒಂದೇ ಮನೆಯಲ್ಲಿರುವುದು. ಅಮ್ಮ ಕೆಲಸದಿಂದ ಬಂದವಳೇ ಚಾಪೆಯನ್ನೂ ಹಾಸದೆ ಅಡುಗೆಮನೆಯ ಬರಿ ನೆಲದ ಮೇಲೆ ಬೆನ್ನು ಹಚ್ಚಿ ಮಲಗುತ್ತಾಳೆ. ಆ ತಂಪಿಗೆ ಅವಳ ಮುಖ ನಿಧಾನವಾಗಿ ಕೆಂಪಿನಿಂದ ಮಾಮೂಲು ಬಣ್ಣಕ್ಕೆ ಇಳಿಯುವವರೆಗೆ ಯಾರೂ ಮಾತಾಡಿಸುವಂತಿಲ್ಲ. ಆ ವಾರ ಡ್ರೈಯರ್ ಬಾಗಿಲು ತೆಗೆದಾಗ ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಸಿದು ಕೂತಿದ್ದಳಂತೆ. ಅದನ್ನು ಯಾರೋ ಹೇಳಿ ದೊಡ್ಡಮ್ಮನಿಗೆ ಗೊತ್ತಾಯಿತು, ಅಮ್ಮ ಹೇಳಿರಲಿಲ್ಲ.

"ನಿನ್ನ ಲೆಕ್ಕ ಏನಾಯ್ತು?" ಅಮ್ಮ ನೆಲದ ಮೇಲಿಂದಲೇ ಕೇಳಿದಳು.

"ಕಮ್ಮಿ ಬೀಳುತ್ತೆ."

"ಎಷ್ಟು ಕಮ್ಮಿ?"

"ಆ ಸುತ್ತಿನಷ್ಟು."

"ದಾರ ಒಂಚೂರು ಎಳೆದು ಕಟ್ಟೇ ಅಕ್ಕಾ. ನೆಟ್ಟಗೆ. ಯಾವ ಸಾಹೇಬ ಬಂದು ಮೊಳೆ ಎಣಿಸ್ತಾನೆ?"

ದೊಡ್ಡಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಎಳೆದು ಕಟ್ಟಿದ್ರೆ ದಾರ ಅವಳ ಮೇಲೇ ಹೋಗುತ್ತೆ."

ಅಮ್ಮ ಎದ್ದು ಕೂತಳು. ಬೆನ್ನಿನ ಒದ್ದೆ ನೆಲದ ಮೇಲೆ ಅವಳ ಆಕಾರದಲ್ಲೇ ಉಳಿದಿತ್ತು. "ಹೋದೋಳಿಗೆ ಅಷ್ಟು ಅಗಲ ಜಾಗ ಬಿಟ್ಟಿದ್ದೀರ, ಸಂತೋಷ. ಇರೋಳಿಗೆ ಒಂದು ಗಾಳಿ ಕೊಳವೆ ಹಾಕ್ಸು ಅಂದ್ರೆ ನಿಂಗೆ ಧರ್ಮ ಕರ್ಮ ಎಲ್ಲ ನೆನಪಾಗುತ್ತೆ."

ಚಾಕು ನಿಂತಿತು. ದೊಡ್ಡಮ್ಮ ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಸುರಿದು ಒಲೆ ಹಚ್ಚಿದಳು. ಅಮ್ಮ ಮತ್ತೆ ಮಲಗಿದಳು, ಈ ಸಲ ಬೇರೆ ಜಾಗದಲ್ಲಿ, ಇನ್ನೂ ತಂಪಾಗಿರುವ ಕಡೆ. ಊಟದ ಹೊತ್ತಿಗೆ ಇಬ್ಬರೂ ಮಾತಾಡಿಕೊಂಡರು, ಉಪ್ಪಿನ ಬಗ್ಗೆ ಮಾತ್ರ.

ಮುಂದಿನ ಶನಿವಾರ ನನಗೊಂದು ತಮಾಷೆ ಹೊಳೆಯಿತು. ಎಲ್ಲರನ್ನೂ ಅಳೆಯುವವಳನ್ನು ಯಾರೂ ಅಳೆದಿಲ್ಲವಲ್ಲ! ಒಂದು ಖಾಲಿ ಹಲಗೆ ತೆಗೆದುಕೊಂಡು, ಬಣ್ಣದ ದಾರಗಳೆಲ್ಲ ಬಳಕೆಯಲ್ಲಿದ್ದದ್ದರಿಂದ ಉಳಿದಿದ್ದ ಬಿಳಿ ದಾರದ ಉಂಡೆ ಹಿಡಿದು, ಬೆಳಗ್ಗೆಯಿಂದ ದೊಡ್ಡಮ್ಮನ ಬೆನ್ನು ಹತ್ತಿದೆ. ಬಾಣ ಸಾಥ್ ಕೊಟ್ಟಳು. "ದಾರದಕ್ಕನಿಗೇ ದಾರ! ತಿರುಗಿತು ನೋಡು ಚಕ್ರ!" ಎಂದು ಟ್ರಾಲಿಯ ಹಿಂದೆ ಬಗ್ಗಿ ನಕ್ಕಳು. ದೊಡ್ಡಮ್ಮ ಹಾಲ್‌ನ ಉದ್ದಕ್ಕೂ ಹೋದಳು, ಬಂದಳು, ಕಪಾಟು ನೋಡಿದಳು, ಬಾಗಿಲವರೆಗೆ ಹೋದಳು. ನಾನು ಕಟ್ಟುತ್ತಲೇ ಹೋದೆ. ಮಧ್ಯಾಹ್ನದ ಹೊತ್ತಿಗೆ ನನ್ನ ನಗು ಕಮ್ಮಿಯಾಗಿತ್ತು. ಸಾಯಂಕಾಲ ಹಲಗೆಯನ್ನು ಅವಳ ಮೇಜಿನ ಮೇಲಿಟ್ಟಾಗ ಪೂರ್ತಿ ಹೋಗಿತ್ತು.

"ಯಾರದಿದು?"

"ನಿಂದು ದೊಡ್ಡಮ್ಮಾ."

ಅವಳ ಸುತ್ತು ಎಲ್ಲರಿಗಿಂತ ಅಗಲವಾಗಿತ್ತು. ಅಷ್ಟೇ ಆಗಿದ್ದರೆ ಏನೋ. ಸುತ್ತಿನ ನಡುವೆ, ಆ ಖಾಲಿಯ ಅಂಚಿನಲ್ಲಿ, ಒಂದು ಮೊಳೆಗೆ ಬಿಳಿ ದಾರ ಗೂಡಿನಂತೆ ದಪ್ಪಗೆ ಸುತ್ತಿಕೊಂಡಿತ್ತು. ಹಳೆಯ ನಕ್ಷೆಯಲ್ಲಿ ಸೂಜಿಯಮ್ಮನ ಕುರ್ಚಿಯ ಹಿಂಬದಿ ಎಲ್ಲಿತ್ತೋ ಸರಿಯಾಗಿ ಅಲ್ಲಿ.

"ಇಲ್ಲಿ ಯಾಕೆ ಇಷ್ಟು?"

"ನೀನು ಅಲ್ಲಿ ನಿಲ್ತೀಯ."

"ನಾನು ನಿಲ್ಲೋದೇ ಇಲ್ಲ."

"ಪ್ರತಿ ಸಲ ನಿಲ್ತೀಯ. ಒಂದು ಕೈ ಹೀಗೆ ಸ್ವಲ್ಪ ಮುಂದೆ ಬರುತ್ತೆ. ಆಮೇಲೆ ಹೋಗ್ತೀಯ."

ದೊಡ್ಡಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು, ಬೇರೆ ಯಾರದೋ ಕೈಯನ್ನು ನೋಡುವಂತೆ. ಕಿಟಕಿಯಿಂದ ಹಾಲ್ ಕಾಣುತ್ತಿತ್ತು. ಪಾಳಿ ಬದಲಾಗುವ ಹೊತ್ತು. ಹೋಗುವವರೂ ಬರುವವರೂ ಎದುರಾಗಿ ಬಂದು, ನಡುವೆ ಇಬ್ಭಾಗವಾಗಿ, ಮತ್ತೆ ಒಂದಾಗುತ್ತಿದ್ದರು, ಹೊಳೆಯ ನಡುವೆ ಬಂಡೆ ಇದ್ದಂತೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ, ಸಾಹೇಬರಿಗೆ ತೋರಿಸಬೇಕಾದ ಹಲಗೆಗಳ ಜೊತೆ ಇಟ್ಟಳು.

ಲೆಕ್ಕದ ಸಾಹೇಬರು ಬಂದದ್ದು ಅದರ ಮುಂದಿನ ಶನಿವಾರ. ಸಣ್ಣ ಆಳು, ಕನ್ನಡಕವನ್ನು ಕಣ್ಣಿಗಿಂತ ಕೈಯಲ್ಲೇ ಜಾಸ್ತಿ ಇಟ್ಟುಕೊಳ್ಳುವವರು. ಕೆಟ್ಟವರೇನಲ್ಲ, ಯಾರನ್ನೂ ಏಕವಚನದಲ್ಲಿ ಕರೆಯುವುದಿಲ್ಲ. "ನೋಡಿ ಅಮ್ಮಾ, ಕರೆಂಟು, ಮತ್ತೆ ಒಗೆಯೋದು, ರಜೆ, ಎಲ್ಲ ಸರಿ ಇದೆ. ಈ ನಡಿಗೆ ಒಂದೇ ಕೈಕೊಟ್ಟಿದೆ. ನೀವೇ ಬರೆದುಕೊಟ್ಟಿದ್ದು. ಯಾಕೆ ಬರಲಿಲ್ಲ?" ಎಂದು ಬಾಗಿಲಲ್ಲೇ ಕೇಳಿದರು.

"ಬನ್ನಿ ಸರ್, ನಡೆದು ನೋಡಿ."

ಬಾಗಿಲ ಹತ್ತಿರ ಆಗತಾನೆ ನೆಲ ಒರೆಸಿದ್ದರು. ಸಾಹೇಬರ ಒದ್ದೆ ಬೂಟಿನ ಗುರುತು ಅವರ ಹಿಂದೆಯೇ ಮೂಡುತ್ತಾ ಬಂತು. ಕೊಳವೆಗಳನ್ನು ನೋಡುತ್ತಾ, ದೀಪಗಳನ್ನು ಮೆಚ್ಚುತ್ತಾ ಆ ತುದಿಯವರೆಗೆ ಹೋದರು. ದೊಡ್ಡಮ್ಮ ಜೊತೆಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಬಾಣ ಟ್ರಾಲಿಯೊಂದಿಗೆ ಅವರ ಮುಂದಿದ್ದಳು.

"ಈಗ ಹಿಂದೆ ತಿರುಗಿ ನೀವು ಬಂದ ದಾರಿ ನೋಡಿ ಸರ್" ಎಂದು ದೊಡ್ಡಮ್ಮ ಬಾಗಿಲಿಂದಲೇ ಕೂಗಿ ಹೇಳಿದಳು.

ಸಾಹೇಬರು ತಿರುಗಿದರು, ಕನ್ನಡಕ ಹಾಕಿಕೊಂಡರು. ಬೂಟಿನ ಗುರುತುಗಳು ಹಾಲ್‌ನ ನಡುವೆ ಚೆಂದವಾಗಿ ಬಾಗಿದ್ದವು.

"ಟ್ರಾಲಿ ಅಡ್ಡ ಬಂತು" ಎಂದರು.

"ಟ್ರಾಲಿ ತೆಗಿಯೇ" ಎಂದಳು ದೊಡ್ಡಮ್ಮ. ಬಾಣ ತೆಗೆದಳು.

ಸಾಹೇಬರು ಈ ಸಲ ಬೇಕೆಂದೇ ನೆಟ್ಟಗೆ ಹೊರಟರು. ಒಂದೊಂದೇ ಇಸ್ತ್ರಿ ನಿಂತಿತು. ಮಡಿಸುತ್ತಿದ್ದ ಕೈಗಳು ನಿಂತವು. ಕೊಳವೆಗಳು ಗಾಳಿ ಎಳೆಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಅದು ಯಾರೋ ಉದ್ದಕ್ಕೆ ಉಸಿರೆಳೆದುಕೊಂಡು ಬಿಡದೇ ಇರುವಂತೆ ಕೇಳುತ್ತಿತ್ತು. ಸಾಹೇಬರ ಹೆಜ್ಜೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಖಾಲಿಯ ಅಂಚಿಗೆ ಬಂದು ಒಂದು ಕಾಲು ಎತ್ತಿದವರು ಅದನ್ನು ಮುಂದಿಡಲಿಲ್ಲ, ಪಕ್ಕಕ್ಕೆ ಇಟ್ಟರು.

"ಛೆ!" ಎಂದು ನಕ್ಕರು. ಒಬ್ಬರೇ ನಕ್ಕರು. "ಏನಿದೆ ಇಲ್ಲಿ?"

ದೊಡ್ಡಮ್ಮ ಆಗ ಬಂದಳು. ಖಾಲಿಯ ಆಚೆ ನಿಂತಳು. ಸೂಜಿಯಮ್ಮನ ವಿಷಯ ಹೇಳಿದಳು, ಅವತ್ತಿನ ಮಧ್ಯಾಹ್ನವನ್ನು ಹೇಳಿದಳು, ಬೇರೆ ಯಾವುದೋ ಲೆಕ್ಕ ಒಪ್ಪಿಸುವ ಅದೇ ದನಿಯಲ್ಲಿ. ಇಸ್ತ್ರಿಯಣ್ಣ ಮುಖ ತಿರುಗಿಸಿಕೊಂಡರು. ಬಾಣನಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ಟ್ರಾಲಿಯ ಹಿಡಿ ಬಿಟ್ಟು ನಿಂತುಬಿಟ್ಟಿದ್ದಳು.

"ನೀವು ಎಲ್ಲಿದ್ರಿ?" ಸಾಹೇಬರು ಮೆತ್ತಗೆ ಕೇಳಿದರು.

"ಇಲ್ಲೇ ಸರ್. ಎಲ್ಲರ ಕಾಲು ನೋಡ್ತಿದ್ದೆ." ಸುತ್ತಿದ್ದ ಬಟ್ಟೆ ತೆಗೆದು ಬಿಳಿ ದಾರದ ಹಲಗೆಯನ್ನು ಅವರ ಕೈಗೆ ಕೊಟ್ಟಳು. "ಇದು ನನ್ನ ನಡಿಗೆ. ನಾನು ಬರೆದುಕೊಟ್ಟ ಆ ಉಳಿತಾಯ ಈ ವರ್ಷ ಬರಲ್ಲ, ಮುಂದಿನ ವರ್ಷವೂ ಬರಲ್ಲ. ಅದನ್ನ ಹೊಡೆದು ಹಾಕಿ. ಅವತ್ತು ಅಳೆದಿದ್ದು ಮಾಮೂಲಿ ದಿನ ಅಲ್ಲ, ನನ್ನ ತಪ್ಪು. ಉಳಿದಿದ್ದು ನೋಡಿ. ಚಾದರ ನೆಲಕ್ಕೆ ಬಿದ್ದು ಕೊಳೆಯಾಗಿ ಮತ್ತೆ ಒಗೆಯೋದು ಕಮ್ಮಿಯಾಗಿದೆ. ಹುಷಾರಿಲ್ಲ ಅಂತ ರಜೆ ಹಾಕೋರು ಕಮ್ಮಿಯಾಗಿದ್ದಾರೆ. ಕೆಲಸ ಬಿಟ್ಟು ಹೋಗೋರೇ ಇಲ್ಲ. ಹಾಕಿದ್ದು ಬರುತ್ತೆ ಸರ್, ಹೇಳಿದಷ್ಟು ಬೇಗ ಬರಲ್ಲ."

"ತಡ ಅಂದ್ರೆ ಮೇಲಿನವರಿಗೆ ನಾನು ಏನ್ ಹೇಳ್ಲಿ?"

"ಸುತ್ತು ಹಾಕ್ಕೊಂಡು ಬರ್ತಾ ಇದೆ ಅಂತ ಹೇಳಿ ಸರ್" ಎಂದರು ಇಸ್ತ್ರಿಯಣ್ಣ ಗೋಡೆಯ ಕಡೆ ನೋಡುತ್ತಲೇ.

ಹಾಲ್‌ನಲ್ಲಿ ಒಮ್ಮೆಲೇ ನಗು ಎದ್ದಿತು, ಎದ್ದಷ್ಟೇ ಬೇಗ ಇಳಿಯಿತು. ಸಾಹೇಬರೂ ನಕ್ಕಿದ್ದರು. ಆಮೇಲೆ "ನೋಡೋಣ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ದೊಡ್ಡಮ್ಮನ ಮುಖ ಬಿದ್ದುಹೋಯಿತು. ಅಲ್ಲಿಗೆ ಮುಗಿಯಿತು, ಅಮ್ಮನಿಗೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ.

ಸಾಹೇಬರು ಮಾತ್ರ ಹೋಗಲಿಲ್ಲ. ಹಲಗೆಯ ಮೇಲಿನ ಆ ದಪ್ಪ ಗೂಡನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. "ಹಿಂದಿನ ಹಾಲ್‌ನಲ್ಲಿ..." ಎಂದು ನಿಲ್ಲಿಸಿದರು. "ಅಲ್ಲಿ ಯಾರಾದ್ರೂ ಹೀಗೆ..."

"ನನ್ನ ತಂಗಿ ಇದ್ದಾಳೆ ಸರ್. ಮೊನ್ನೆ ಡ್ರೈಯರ್ ಮುಂದೆ ಕುಸಿದು ಕೂತಳು. ಸುಸ್ತಾಗಿದೆ ಅಂತ ಬಿಟ್ಟಿದ್ರಂತೆ, ಸ್ವಲ್ಪ ಹೊತ್ತು ಕೂತಿರಲಿ ಅಂತ."

ಕನ್ನಡಕ ಕೈಗೆ ಬಂತು, ಮತ್ತೆ ಕಣ್ಣಿಗೆ ಹೋಯಿತು. "ಕಾಗದ ನೋಡಿ ಈಗ ಏನೂ ಹೇಳೋಕಾಗಲ್ಲ ನಂಗೆ. ಇಲ್ಲ ಅಂತಾನೂ ಹೇಳಲ್ಲ. ಮುಂದಿನ ಶನಿವಾರ ಬರ್ತೀನಿ. ಆ ಹಾಲ್‌ಗೆ. ಒಂದು ಪಾಳಿ ಪೂರ್ತಿ ನಿಲ್ತೀನಿ." ಹೊರಡುವಾಗ ಅವರು ಗೋಡೆಯ ಪಕ್ಕದಿಂದ ಹೋದರು. ಈ ಸಲ ಗೊತ್ತಿದ್ದೇ ಹೋದರು.

ಸಾಯಂಕಾಲ ಅಮ್ಮನಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕಣ್ಣುಮುಚ್ಚಿ ಕೇಳಿದಳು.

"ಪಾಳಿ ಪೂರ್ತಿನಾ? ಆ ಬೂಟು ಹಾಕ್ಕೊಂಡಾ? ಮಧ್ಯಾಹ್ನಕ್ಕೆ ನಾವೇ ಅವರನ್ನ ಎತ್ಕೊಂಡು ಆಚೆ ಇಡ್ಬೇಕಾಗುತ್ತೆ ನೋಡು." ಆಮೇಲೆ ಕಣ್ಣು ತೆರೆಯದೆಯೇ, "ಅಕ್ಕಾ, ಸುಳ್ಳು ಹೇಳಿದ್ದಿದ್ರೆ ಇಷ್ಟು ಹೊತ್ತಿಗೆ ಕೊಳವೆ ಬಂದಿರೋದು" ಎಂದಳು.

"ಹೂಂ" ಎಂದಳು ದೊಡ್ಡಮ್ಮ.

"ಸರಿ ಬಿಡು. ಹತ್ತಿ ಅಂಗಿ ಹಾಕ್ಕೊಂಡು ಬರೋಕೆ ಹೇಳು ಅವರಿಗೆ."

ದೊಡ್ಡಮ್ಮ ನಡುಮನೆಯಲ್ಲಿ ಹಿಂದಿನ ಹಾಲ್‌ನ ನಕ್ಷೆ ಬರೆಯಲು ಕೂತಿದ್ದಳು. ಡ್ರೈಯರ್‌ಗಳ ಸಾಲು ಬರೆದಳು, ನೀರಿನ ತೊಟ್ಟಿ ಬರೆದಳು. ಅಮ್ಮ ನಿಲ್ಲುವ ಜಾಗ ಬಂದಾಗ ಪೆನ್ಸಿಲ್ ಎತ್ತಿ, ಅಡುಗೆಮನೆಯ ಕಡೆ ನೋಡಿದಳು. ಅಮ್ಮನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ನೋಡಿ ಆದ ಮೇಲೆ ಬರೆದಳು.

"ಶನಿವಾರ ಬೇಗ ಎದ್ದು ನನ್ನ ಜೊತೆ ಬಾ" ಎಂದಳು ನನಗೆ. "ದಾರ ನಾನು ಕಟ್ತೀನಿ. ನೀನು ಎಲ್ಲರ ಮುಖ ನೋಡ್ತಾ ಇರು. ಯಾರಾದ್ರೂ ಎಲ್ಲಾದ್ರೂ ತಲೆ ಒರಗಿಸಿದ್ರೆ ಹೋಗಿ ಎಬ್ಬಿಸು. ಬೈದ್ರೆ ಬೈಸಿಕೋ."